ರಾಮಧಾನ್ಯಚರಿತ್ರೆಯ ಪರೀಕ್ಷಾಕ್ರಮವೂ ಮನಶ್ಚಿಕಿತ್ಸೆಯೂ

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರ ರಾಮಧಾನ್ಯಚರಿತ್ರೆಯನ್ನು ಕುಲಮದದ ಖಂಡನೆಯೆಂದು ಪಾಠಹೇಳುವುದು ರೂಢಿ. ಅದು ಯುಕ್ತವೇ, ಆದರೆ ಅದರಲ್ಲಿಯ ಪರೀಕ್ಷಾಕ್ರಮವೂ ವಿಚಾರಾರ್ಹವಾದುದು. ವ್ರೀಹಿಯೂ ನರೆದಲೆಗವೂ ಶ್ರೇಷ್ಠತೆಗಾಗಿ ಕಲಹವಾಡಲು, ಶ್ರೀರಾಮನು ಒಡನೆಯೇ ತೀರ್ಪುಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ವಾದದಿಂದ ತಿಳಿಯದ ಸತ್ತ್ವವು ಕಾಲದಿಂದ ತಿಳಿದುಬರುತ್ತದೆ.

ಅನ್ಯರ ಮನಸ್ಸಿಗೆ ಚಿಕಿತ್ಸೆ ಮಾಡುವವನಿಗೂ ಈ ತಾಳ್ಮೆಯೇ ಮೊದಲ ಪಾಠ. ಚರಕಸಂಹಿತೆಯ ವಿಮಾನಸ್ಥಾನವು ಹೇಳುವ ದಶವಿಧಪರೀಕ್ಷೆಯಲ್ಲಿ ಸತ್ತ್ವಪರೀಕ್ಷೆಯೂ ಒಂದು. ಅಲ್ಲಿ ಮನೋಬಲವನ್ನು ಪ್ರವರ, ಮಧ್ಯಮ, ಅವರವೆಂದು ವಿಂಗಡಿಸುವುದು ಚಿಕಿತ್ಸೆಯನ್ನು ಗೊತ್ತುಪಡಿಸುವುದಕ್ಕೇ ಹೊರತು ಮನುಷ್ಯನ ಬೆಲೆ ಕಟ್ಟುವುದಕ್ಕಲ್ಲ. ಕಾವ್ಯದ ಪರೀಕ್ಷೆಯಾದರೋ ಮೇಲುಕೀಳನ್ನು ನಿರ್ಣಯಿಸುತ್ತದೆ, ಅದೂ ಸೆರೆಯಲ್ಲಿಟ್ಟು. ಹೋಲಿಕೆಯು ಇಲ್ಲಿಗೇ ನಿಲ್ಲತಕ್ಕದ್ದು. ಬಂದವನ ಸಮ್ಮತಿಯೂ ಅವನ ಗುಟ್ಟಿನ ರಕ್ಷಣೆಯೂ ಮನಶ್ಚಿಕಿತ್ಸೆಯ ಮೂಲಧರ್ಮಗಳು. ರೋಗಿಯ ಮನೆಯ ಸಂಗತಿಯನ್ನು ವೈದ್ಯನು ಹೊರಗೆಡಹಬಾರದೆಂದು ಚರಕನೂ ವಿಧಿಸಿದ್ದಾನೆ. 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯೂ ಗೌಪ್ಯವನ್ನು ರೋಗಿಯ ಹಕ್ಕೆಂದು ಎಣಿಸಿದೆ.

ಕಾವ್ಯಾಂತ್ಯದಲ್ಲಿ ರಾಮನು ಸೋತ ವ್ರೀಹಿಯನ್ನು ಸಂತೈಸುತ್ತಾನೆ. ಚಿಕಿತ್ಸಕನಿಗೆ ಮೇಲ್ಪಂಕ್ತಿಯಾಗತಕ್ಕದ್ದು ತೀರ್ಪಲ್ಲ, ಈ ಸಾಂತ್ವನ. ಇದನ್ನು ಬಿಟ್ಟು ಪಾಠಹೇಳಿದರೆ, ಮದವನ್ನು ಖಂಡಿಸುವ ಕಾವ್ಯವೇ ಗೆದ್ದವನ ಮದಕ್ಕೆ ಎಡೆಗೊಟ್ಟೀತು.