ಬ್ಲುಮ್‌ಹಾರ್ಟರ ವಿಜ್ಞಾಪನೆಯೂ ಪ್ರಾರ್ಥನೆಯ ಅಧಿಕಾರವೂ

1844ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಮ್ಯೋಟ್‌ಲಿಂಗೆನ್ ಎಂಬ ಸಣ್ಣ ಹಳ್ಳಿಯ ಪಾದ್ರಿಗಳಾದ ಯೋಹಾನ್ ಕ್ರಿಸ್ಟೋಫ್ ಬ್ಲುಮ್‌ಹಾರ್ಟರು ತಮ್ಮ ಸಭೆಯ ಮೇಲಧಿಕಾರಿಗಳಿಗೆ ಒಂದು ದೀರ್ಘವಾದ ವಿಜ್ಞಾಪನೆಯನ್ನು ಬರೆದು ಒಪ್ಪಿಸಿದರು. ಗೋಟ್ಲೀಬಿನ್ ಡಿಟ್ಟುಸ್ ಎಂಬ ಬಡ ಹೆಣ್ಣುಮಗಳ ವ್ಯಾಧಿಯ ಇತಿಹಾಸವೇ ಅದರ ವಸ್ತು. ಅಚ್ಚಿಗೆ ಕೊಡುವ ಉದ್ದೇಶ ಅದರ ಕರ್ತೃವಿಗಿರಲಿಲ್ಲ. ಪ್ರತಿಗಳು ಕೈಯಿಂದ ಕೈಗೆ ಹರಡಿ ಲೋಕಕ್ಕೆ ತಿಳಿದವು. ಪ್ರಾರ್ಥನೆಯಲ್ಲಿ ದೇವದತ್ತವಾದ ಅಧಿಕಾರವನ್ನು ಪ್ರಯೋಗಿಸುವುದೆಂದರೇನು ಎಂಬ ವಿಷಯದಲ್ಲಿ ಆ ಮೇಲೆ ಹುಟ್ಟಿದ ಗ್ರಂಥರಾಶಿಯನ್ನು ಈ ವಿಜ್ಞಾಪನೆಯ ಪಕ್ಕದಲ್ಲಿಟ್ಟು ನೋಡಿದರೆ, ಹೆಚ್ಚಿನವು ಬೋಧಿಸುತ್ತವೆ, ಇದೊಂದು ಲೆಕ್ಕವನ್ನೊಪ್ಪಿಸುತ್ತದೆ ಎಂಬ ಭೇದ ಮೊದಲು ಕಣ್ಣಿಗೆ ಬೀಳುವುದು. ಈ ಬರಹದ ಬೆಲೆಯೂ ಕುಂದೂ ಆ ಭೇದದಲ್ಲಿಯೇ ಅಡಗಿವೆ.

ಬ್ಲುಮ್‌ಹಾರ್ಟರ ಹೆಸರು ಕನ್ನಡಿಗರಿಗೆ ತೀರ ಹೊರಗಿನದಲ್ಲ. 1830ರಿಂದ 1837ರ ವರೆಗೆ ಅವರು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಆ ಅವಧಿಯಲ್ಲಿಯೇ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅಲ್ಲಿಂದ ಹೊರಟು ಮಂಗಳೂರಿಗೆ ಬಂದಿಳಿದರು. ಆ ಮಿಷನ್ನಿನ ಮೊದಲ ಮುಖ್ಯಾಧಿಕಾರಿಗಳು ಇವರ ಚಿಕ್ಕಪ್ಪಂದಿರೇ. 1838ರಲ್ಲಿ ಮ್ಯೋಟ್‌ಲಿಂಗೆನ್ನಿಗೆ ಬಂದ ಪಾದ್ರಿಗಳಿಗೆ ಅದ್ಭುತಗಳ ಹಂಬಲವಿತ್ತೆಂದು ಹೇಳುವುದಕ್ಕೆ ಆಧಾರವಿಲ್ಲ. 1840ರಲ್ಲಿ ಗೋಟ್ಲೀಬಿನ್ ತನ್ನ ಒಡಹುಟ್ಟಿದವರೊಡನೆ ಒಂದು ಮನೆಯ ಕೆಳಅಂತಸ್ತಿಗೆ ಬಂದು ನೆಲೆಸಿದ ಮೇಲೆ ಶಬ್ದಗಳು, ಮೂರ್ಛೆ, ಸೆಳವು, ಬೇರೆಯವರ ಧ್ವನಿಯಲ್ಲಿ ಮಾತು ಇವೆಲ್ಲ ಕಾಣಿಸಿಕೊಂಡವು. ಪಾದ್ರಿಗಳು ಬಹುಕಾಲ ದೂರವೇ ಇದ್ದರು. ಆಕೆಯ ನಡವಳಿಕೆ ತಮಗೆ ಹಿಡಿಸುತ್ತಿರಲಿಲ್ಲವೆಂಬುದನ್ನೂ ಮರೆಮಾಚಿಲ್ಲ. 1842ರ ಬೇಸಗೆಯಲ್ಲಿ ಅವರು ಈ ಕಾರ್ಯಕ್ಕೆ ಕೈಹಾಕಿದರು. 1843ರ ಡಿಸೆಂಬರ್ 28ರ ಬೆಳಗಿನ ಜಾವಕ್ಕೆ ಅದು ಮುಗಿಯಿತು. ಕಥೆ ಇಷ್ಟೇ. ಇದನ್ನು ನಂಬಬೇಕೆ ಬಾರದೆ ಎಂಬ ಚರ್ಚೆ ನೂರೆಂಬತ್ತು ವರ್ಷಗಳಿಂದ ನಡೆದಿದೆ. ವ್ಯಾಧಿಯ ನಿದಾನವನ್ನು ವೈದ್ಯರಿಗೆ ಬಿಟ್ಟು, ಇಲ್ಲಿ ಬರಹವನ್ನಷ್ಟೇ ಪರೀಕ್ಷಿಸುವುದು ಯುಕ್ತ.

ಅದಕ್ಕೆ ಮೊದಲು 'ಅಧಿಕಾರ' ಶಬ್ದವನ್ನೇ ಸ್ವಲ್ಪ ವಿಚಾರಿಸಬೇಕು. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಬಲವನ್ನು ಸೂಚಿಸುವ 'ದುನಾಮಿಸ್' ಬೇರೆ, 'ಎಕ್ಸೂಸಿಯಾ' ಬೇರೆ. ಎರಡನೆಯದು 'ಅಪ್ಪಣೆಯುಂಟು' ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಒಬ್ಬನು ಕೊಟ್ಟದ್ದರಿಂದ ಇನ್ನೊಬ್ಬನಿಗೆ ಬಂದ ಹಕ್ಕು ಎಂಬ ಭಾವ ಅದರಲ್ಲಿ ಬೇರುಬಿಟ್ಟಿದೆ. ಕನ್ನಡ ಬೈಬಲ್ಲಿನ ಭಾಷಾಂತರಕಾರರು ಇದಕ್ಕೆ 'ಅಧಿಕಾರ'ವನ್ನು ಆರಿಸಿಕೊಂಡರು. ಆಯ್ಕೆ ಸರಿಯಾದುದೇ. ಆದರೆ ಈ ಶಬ್ದ ಬರಿಗೈಯಲ್ಲಿ ಬಂದುದಲ್ಲ. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಅಧಿಕಾರವೆಂದರೆ ಯಾಗವನ್ನು ಮಾಡುವುದಕ್ಕೆ ಯಾರು ಅರ್ಹರು ಎಂಬ ವಿಚಾರ. ವೇದಾಂತದಲ್ಲಿ ಸಾಧನಚತುಷ್ಟಯವುಳ್ಳವನು ಅಧಿಕಾರಿ. ಎರಡೆಡೆಗಳಲ್ಲಿಯೂ ಯೋಗ್ಯತೆ ಮೊದಲು, ಅಧಿಕಾರ ಆಮೇಲೆ. ಲೋಕರೂಢಿಯಲ್ಲಾದರೋ ಅಧಿಕಾರವೆಂದರೆ ಅಮಲ್ದಾರನ ದರ್ಪ. ಹೀಗೆ ಅರ್ಹತೆ, ದರ್ಪ ಎಂಬ ಎರಡು ಛಾಯೆಗಳ ನಡುವೆ ಸಿಕ್ಕಿಕೊಂಡ ಕನ್ನಡ ಓದುಗನಿಗೆ, ಅನರ್ಹನಿಗೆ ಕೃಪೆಯಿಂದ ಬಂದ ಅಧಿಕಾರ ಎಂಬ ಮೂರನೆಯ ಅರ್ಥ ಸುಲಭವಾಗಿ ಹೊಳೆಯುವುದಿಲ್ಲ.

ಇದಕ್ಕೆ ಮತ್ತಾಯನ ಎಂಟನೆಯ ಅಧ್ಯಾಯದ ಶತಾಧಿಪತಿಯ ಪ್ರಸಂಗಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಆಳಿನ ರೋಗವನ್ನು ವಾಸಿಮಾಡಬೇಕೆಂದು ಬೇಡಲು ಬಂದ ಆ ಸೇನಾನಿ, ಯೇಸು ತನ್ನ ಮನೆಗೆ ಬರುವಷ್ಟು ಯೋಗ್ಯತೆ ತನಗಿಲ್ಲವೆಂದು ಒಂದು ವಾಕ್ಯದಲ್ಲಿ ಹೇಳುತ್ತಾನೆ; ಮರುವಾಕ್ಯದಲ್ಲಿಯೇ ಅಧಿಕಾರದ ಮಾತನ್ನೆತ್ತುತ್ತಾನೆ. ಮೀಮಾಂಸೆಯ ಕಣ್ಣಿಗೆ ಇದು ವ್ಯಾಘಾತ. ಅಲ್ಲದೆ, ಆತನು ತನ್ನನ್ನು ಅಧಿಕಾರವುಳ್ಳವನೆಂದು ಕರೆದುಕೊಳ್ಳದೆ, ಅಧಿಕಾರದ ಕೆಳಗಿರುವವನೆಂದು ಕರೆದುಕೊಳ್ಳುತ್ತಾನೆ. ತಾನು ಮೇಲಿನವರ ಮಾತನ್ನು ಕೇಳುವುದರಿಂದಲೇ ತನ್ನ ಸಿಪಾಯಿಗಳು ತನ್ನ ಮಾತನ್ನು ಕೇಳುತ್ತಾರೆಂಬುದು ಆತನ ತರ್ಕ. ವೈಯಾಕರಣರು ಅಧಿಕಾರಸೂತ್ರವೆಂದು ಕರೆಯುವುದು ಈ ಅರ್ಥಕ್ಕೆ ಹೆಚ್ಚು ಹತ್ತಿರ. ಮೇಲಿನ ಸೂತ್ರದ ಪದ ಕೆಳಗಿನ ಸೂತ್ರಗಳಿಗೆ ಅನುವೃತ್ತಿಯಿಂದ ಇಳಿದುಬರುತ್ತದೆ. ಆ ಪದವನ್ನು ಕಡಿದುಹಾಕಿದರೆ ಕೆಳಗಿನ ಸೂತ್ರಕ್ಕೆ ಅನ್ವಯವೇ ಇಲ್ಲ. ಕನ್ನಡದ ಬೋಧಕರು ಶತಾಧಿಪತಿಯ ಮಾತನ್ನು ವಿವರಿಸುವಾಗ ಯಾಗಶಾಲೆಯನ್ನು ಬಿಟ್ಟು ವ್ಯಾಕರಣಶಾಲೆಗೆ ಹೋಗಬಹುದಾಗಿತ್ತು.

ವ್ಯಾಕರಣದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಆಜ್ಞೆಗೂ ಪ್ರಾರ್ಥನೆಗೂ ಕನ್ನಡದಲ್ಲಿ ಬೇರೆ ಬೇರೆ ಕ್ರಿಯಾರೂಪಗಳಿಲ್ಲ. ಆಳನ್ನು 'ಬಾ' ಎನ್ನುವ ಬಾಯಿಯೇ ದೇವರನ್ನೂ 'ಬಾ' ಎನ್ನುತ್ತದೆ, ಎರಡೂ ವಿಧ್ಯರ್ಥವೇ. ಪಾಣಿನಿಯೂ ವಿಧಿಯಿಂದ ಪ್ರಾರ್ಥನೆಯ ವರೆಗಿನ ಅರ್ಥಗಳಿಗೆಲ್ಲ ಒಂದೇ ಲಿಙ್ ಪ್ರತ್ಯಯವನ್ನು ವಿಧಿಸುತ್ತಾನೆ. ಗ್ರೀಕಿನಲ್ಲಿಯೂ ಕರ್ತನ ಪ್ರಾರ್ಥನೆಯ ಬಿನ್ನಹಗಳು ಆಜ್ಞಾರ್ಥದ ರೂಪದಲ್ಲಿಯೇ ಇವೆ. ಆದುದರಿಂದ ಒಂದು ವಾಕ್ಯ ಬೇಡಿಕೆಯೋ ಅಪ್ಪಣೆಯೋ ಎಂಬುದನ್ನು ಅದರ ಪ್ರತ್ಯಯ ಹೇಳದು. ಯಾರನ್ನು ಕುರಿತು, ಯಾವುದಾದ ಮೇಲೆ ಹೇಳಿತು ಎಂಬುದೇ ಹೇಳಬೇಕು. ಸುವಾರ್ತಾಕಾರರು ಈ ಕ್ರಮವನ್ನು ಬಹು ಎಚ್ಚರದಿಂದ ಕಾಪಾಡಿದ್ದಾರೆ. ಯೋಹಾನನ ಹನ್ನೊಂದನೆಯ ಅಧ್ಯಾಯದಲ್ಲಿ ಲಾಜರನ ಗವಿಯ ಮುಂದೆ ಯೇಸು ಮೊದಲು ತಂದೆಗೆ ಸ್ತೋತ್ರವನ್ನು ಸಲ್ಲಿಸಿ, ಆಮೇಲೆ ಸತ್ತವನನ್ನು ಕೂಗುತ್ತಾನೆ. ಯೊಪ್ಪದಲ್ಲಿ ಪೇತ್ರನು ಎಲ್ಲರನ್ನೂ ಹೊರಗೆ ಕಳುಹಿಸಿ, ಮೊಣಕಾಲೂರಿ ಪ್ರಾರ್ಥಿಸಿ, ಬಳಿಕ ತಬಿಥೆಯ ಹೆಣದ ಕಡೆ ತಿರುಗುತ್ತಾನೆ. ಅಪ್ಪಣೆ ಶವಕ್ಕೆ, ವ್ಯಾಧಿಗೆ, ದೆವ್ವಕ್ಕೆ, ದೇವರಿಗಲ್ಲ. ಸ್ಕೇವನ ಏಳು ಮಂದಿ ಮಕ್ಕಳ ಪ್ರಸಂಗ ಇದರ ವ್ಯತಿರೇಕ. ಹೆಸರು ಅದೇ, ವಾಕ್ಯ ಅದೇ, ಮೇಲಿನ ಅನುವೃತ್ತಿ ಮಾತ್ರ ಇಲ್ಲ. ಅವರು ಬಟ್ಟೆ ಹರಿದು ಗಾಯಗೊಂಡು ಓಡಿಹೋದರು. ಲೂಕನು ಇದನ್ನು ಬರೆಯುವಾಗ ನಗುವನ್ನು ಅಷ್ಟಾಗಿ ಬಚ್ಚಿಟ್ಟುಕೊಂಡಂತೆ ತೋರುವುದಿಲ್ಲ. ಶಬ್ದದಲ್ಲಿಯೇ ಶಕ್ತಿಯುಂಟೆಂದು ನಂಬುವ ಮಂತ್ರವಾದಕ್ಕೂ ಕ್ರೈಸ್ತ ಪ್ರಾರ್ಥನೆಗೂ ಇರುವ ಗಡಿ ಈ ಪ್ರಸಂಗದಲ್ಲಿದೆ.

ಈ ಅಳತೆಗೋಲನ್ನು ಹಿಡಿದು ಬ್ಲುಮ್‌ಹಾರ್ಟರ ವಿಜ್ಞಾಪನೆಗೆ ಬಂದರೆ, ಅದರ ಪೂರ್ವಾರ್ಧ ಅಚ್ಚರಿಪಡುವಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಪಾದ್ರಿಗಳು ಆ ಮನೆಗೆ ಒಬ್ಬರೇ ಹೋಗುವುದಿಲ್ಲ. ಊರಿನ ಮುಖ್ಯಸ್ಥನನ್ನೂ ನಂಬಿಕೆಗೆ ತಕ್ಕ ಸಾಕ್ಷಿಗಳನ್ನೂ ಕರೆದುಕೊಂಡು ಹೋಗುತ್ತಾರೆ. ವೈದ್ಯನನ್ನು ಹೊರಗಿಡುವುದಿಲ್ಲ. ತಾಯಿತ, ಯಂತ್ರ, ಸೂತ್ರವಾಕ್ಯ ಯಾವುದನ್ನೂ ಒಪ್ಪದೆ, ವೇದವಾಕ್ಯ ಪ್ರಾರ್ಥನೆಗಳೆರಡರಲ್ಲಿಯೇ ನಿಲ್ಲುವ ನಿಶ್ಚಯವನ್ನು ಹೇಳುತ್ತಾರೆ. ಕಾರ್ಯ ಆರಂಭವಾಗುವ ಗಳಿಗೆಯಲ್ಲಿ ಅವರು ದೆವ್ವವನ್ನು ಗದರಿಸುವುದಿಲ್ಲ. ಪ್ರಜ್ಞೆತಪ್ಪಿ ಬಿದ್ದಿದ್ದ ರೋಗಿಯ ಕೈಗಳನ್ನು ಜೋಡಿಸಿ, ಯೇಸುವಿನ ಸಹಾಯವನ್ನು ಅವಳೇ ಬೇಡಿಕೊಳ್ಳಬೇಕೆಂದು ಹೇಳುತ್ತಾರೆ. ಮೊದಲ ಅಪ್ಪಣೆಯೇ ಬೇಡುವುದಕ್ಕೆ ಕೊಟ್ಟ ಅಪ್ಪಣೆ! ವಿಜ್ಞಾಪನೆಯಲ್ಲಿ ಇದಕ್ಕಿಂತ ಎತ್ತರವಾದ ಸ್ಥಳವಿಲ್ಲ. ಬರೆದವರಿಗೆ ಅದರ ಎತ್ತರದ ಅರಿವಿದ್ದಂತೆಯೂ ಕಾಣುವುದಿಲ್ಲ.

ಇದಕ್ಕೆ ಹದಿನೈದು ವರ್ಷ ಹಿಂದೆ, 1829ರಲ್ಲಿ, ಅದೇ ಸೀಮೆಯ ವೈದ್ಯಕವಿ ಯುಸ್ಟಿನುಸ್ ಕೆರ್ನರರು ಫ್ರೀಡರಿಕೆ ಹೌಫೆ ಎಂಬಾಕೆಯನ್ನು ಕುರಿತು 'ಪ್ರೆಫೋರ್ಸ್ಟ್ ಗ್ರಾಮದ ದರ್ಶಿನಿ' ಎಂಬ ಗ್ರಂಥವನ್ನು ಪ್ರಕಟಿಸಿದ್ದರು. ಎರಡನ್ನೂ ಹೋಲಿಸಿ ನೋಡುವುದು ಲಾಭಕರ. ಕೆರ್ನರರಿಗೆ ಪ್ರೇತಗಳು ಮಾತನಾಡಬೇಕು. ಆಡಿದಷ್ಟನ್ನೂ ಅವರು ಅಕ್ಕರೆಯಿಂದ ಬರೆದಿಟ್ಟುಕೊಳ್ಳುತ್ತಾರೆ. ಬ್ಲುಮ್‌ಹಾರ್ಟರಿಗೆ ಅವು ಸುಮ್ಮನಾಗಬೇಕು. ಕಾವ್ಯಗುಣ ಕೆರ್ನರರಲ್ಲಿ ಹೆಚ್ಚು, ಸಂಶಯವಿಲ್ಲ. ರೋಗಿ ಎದ್ದು ಮನೆಗೆಲಸಕ್ಕೆ ಹೋಗಲಿ ಎಂಬ ಆತುರ ಮಾತ್ರ ಪಾದ್ರಿಗಳಲ್ಲಿಯೇ ಹೆಚ್ಚು.

ಪ್ರಾಸಂಗಿಕವಾಗಿ ಪಾಠಾಂತರದ ವಿಷಯವೊಂದು. ಈ ಜಾತಿಯು ಪ್ರಾರ್ಥನೆ ಉಪವಾಸಗಳಿಂದಲ್ಲದೆ ಹೋಗದೆಂಬ ಸುವಾರ್ತೆಯ ಮಾತನ್ನು ನೆನೆದು ಬ್ಲುಮ್‌ಹಾರ್ಟರು ಉಪವಾಸವನ್ನೂ ಕೈಕೊಂಡರು. ಅತಿ ಪ್ರಾಚೀನವಾದ ಸಿನಾಯಿ, ವಾಟಿಕನ್ ಪ್ರತಿಗಳ ಮೂಲಪಾಠದಲ್ಲಿ ಮಾರ್ಕನ ಆ ವಾಕ್ಯದಲ್ಲಿ ಉಪವಾಸವೆಂಬ ಪದವಿಲ್ಲ. ಮತ್ತಾಯನಲ್ಲಿ ಇಡೀ ವಾಕ್ಯವೇ ಇಲ್ಲ. ಟಿಶೆಂಡಾರ್ಫರು ಸಿನಾಯಿ ಪ್ರತಿಯ ಮೊದಲ ಹಾಳೆಗಳನ್ನು ಕಂಡದ್ದು ಇದೇ 1844ರಲ್ಲಿ. ಅವು ಹಳೆಯ ಒಡಂಬಡಿಕೆಯವಾಗಿದ್ದುದರಿಂದ, ಹೊಸ ಒಡಂಬಡಿಕೆಯ ಭಾಗ ಅವರ ಕೈಗೆ ಸಿಕ್ಕಲು 1859 ಬರಬೇಕಾಯಿತು. ಹೀಗಾಗಿ ಪಾದ್ರಿಗಳ ಉಪವಾಸ ಬಹುಶಃ ಲಿಪಿಕಾರನೊಬ್ಬನ ಸೇರ್ಪಡೆಯನ್ನು ಅವಲಂಬಿಸಿತ್ತು. ಪದವನ್ನು ತೆಗೆದರೂ ವಾಕ್ಯದ ತಿರುಳು ಕೆಡುವುದಿಲ್ಲ: ಅಧಿಕಾರವನ್ನು ಪಡೆದಿದ್ದ ಶಿಷ್ಯರು ಸೋತುಬಂದಾಗ ಅವರಿಗೆ ದೊರೆತ ಉತ್ತರ, ಇನ್ನೂ ಗಟ್ಟಿಯಾಗಿ ಆಜ್ಞಾಪಿಸಿರೆಂದಲ್ಲ, ಪ್ರಾರ್ಥಿಸಿರೆಂದು.

ಇನ್ನು ದೋಷಗಳು. ವಿಜ್ಞಾಪನೆಯ ಮಧ್ಯಭಾಗದಲ್ಲಿ ಲೇಖನಿಯ ಹಿಡಿತ ಸಡಿಲುತ್ತದೆ. ದೆವ್ವಗಳ ಸಂಖ್ಯೆ ಮೂರರಿಂದ ಏಳಕ್ಕೆ, ಹದಿನಾಲ್ಕಕ್ಕೆ, ಕಡೆಗೆ ಸಾವಿರದಾಚೆಗೆ ಏರುತ್ತದೆ; ರೋಗಿಯ ದೇಹದಿಂದ ಮರಳು, ಗಾಜಿನ ಚೂರು, ಮೊಳೆ, ಸೂಜಿಗಳು ಹೊರಡುತ್ತವೆ; ಊರಿನಲ್ಲಿ ತೀರಿಹೋದ ವಿಧವೆಯೊಬ್ಬಳ ಪ್ರೇತವೆಂದು ಹೇಳಿಕೊಂಡ ಧ್ವನಿಯೊಡನೆ ಪಾದ್ರಿಗಳು ಸಂಭಾಷಣೆಗೂ ಇಳಿಯುತ್ತಾರೆ. ಕುತೂಹಲಕ್ಕೆ ಎಡೆಗೊಡಬಾರದೆಂದು ತಾವೇ ಹಾಕಿಕೊಂಡ ಕಟ್ಟನ್ನು ಅವರು ಇಲ್ಲಿ ಮೀರಿದ್ದಾರೆ. ಅದರೊಡನೆ ಬರಹದ ಮೇಲಿನ ವಿಶ್ವಾಸವೂ ಕುಂದುತ್ತದೆ. 1850ರ ಸುಮಾರಿನಲ್ಲಿ ಡಾಕ್ಟರ್ ದೆ ವಾಲೆಂಟಿಯವರೊಡನೆ ನಡೆದ ವಾದವನ್ನೂ, ಇಪ್ಪತ್ತನೆಯ ಶತಮಾನದಲ್ಲಿ ಬುಲ್ಟ್‌ಮಾನರು ತೋರಿದ ಜುಗುಪ್ಸೆಯನ್ನೂ ಬರಿಯ ಅವಿಶ್ವಾಸವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದುಂಟು. ಮೂರ್ಛೆಹೋದವಳು, ನರಳಿದವಳು, ಎದ್ದವಳು ಗೋಟ್ಲೀಬಿನ್. ಮಾತು ಮಾತ್ರ ಆದ್ಯಂತವೂ ಪಾದ್ರಿಗಳದು. ಆಕೆಯೊಳಗಿನಿಂದ ಹೊರಟವೆಂಬ ಧ್ವನಿಗಳಿಗೆ ದೊರೆತಷ್ಟು ಪುಟಗಳು ಆಕೆಯ ಸ್ವಂತ ಧ್ವನಿಗೆ ದೊರೆತಿಲ್ಲ.

ಈ ಕೊರತೆ ಪಾಂಡಿತ್ಯದ ಪ್ರಶ್ನೆಯಷ್ಟೇ ಅಲ್ಲವೆಂಬುದು ಅನಂತರದ ಕೈಪಿಡಿಗಳನ್ನು ನೋಡಿದರೆ ತಿಳಿಯುವುದು. 1932ರಲ್ಲಿ, ಹಿಂದೆ ಚೀನಾದಲ್ಲಿ ಮಿಷನರಿಯಾಗಿದ್ದ ಜಾನ್ ಎ. ಮ್ಯಾಕ್‌ಮಿಲನ್ನರು ಅಮೇರಿಕದ 'ಅಲಯನ್ಸ್ ವೀಕ್ಲಿ' ಪತ್ರಿಕೆಯಲ್ಲಿ 'ವಿಶ್ವಾಸಿಯ ಅಧಿಕಾರ' ಎಂಬ ಲೇಖನಮಾಲೆಯನ್ನು ಬರೆದರು. ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲೆರಡು ಅಧ್ಯಾಯಗಳು ಅದರ ತಳಹದಿ. ಅವರ ಮುಖ್ಯ ದೃಷ್ಟಾಂತ, ಕವಲುದಾರಿಯಲ್ಲಿ ನಿಂತು ಕೈಯೆತ್ತಿ ಗಾಡಿಗಳನ್ನು ತಡೆಯುವ ಪೋಲೀಸಿನವನದು. ಅವನ ತೋಳ್ಬಲವಲ್ಲ, ಹಿಂದಿರುವ ಸರಕಾರ ಗಾಡಿಗಳನ್ನು ನಿಲ್ಲಿಸುತ್ತದೆ. ಬಲಕ್ಕೂ ಅಧಿಕಾರಕ್ಕೂ ಇರುವ ಭೇದವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವುದು ಕಷ್ಟ. ಆದರೆ ದೃಷ್ಟಾಂತ ದಾರ್ಷ್ಟಾಂತಿಕವನ್ನು ಪೂರ್ತಿಯಾಗಿ ಹೊರಲಾರದು. ಪೋಲೀಸಿನವನು ಪ್ರತಿಯೊಂದು ಗಾಡಿಗೂ ಅರಸನ ಸನ್ನಿಧಿಗೆ ಓಡಬೇಕಾಗಿಲ್ಲ, ಸಮವಸ್ತ್ರವಿದ್ದರೆ ಸಾಕು. ಶತಾಧಿಪತಿಯಾದರೋ ತನ್ನ ಕೈಕೆಳಗೆ ನೂರು ಜನರಿದ್ದರೂ ಆಳಿನ ಕಾಯಿಲೆಗಾಗಿ ತಾನೇ ಬಂದು ಬೇಡಿದನು. ಮ್ಯಾಕ್‌ಮಿಲನ್ನರು ವಿನಯವನ್ನು ಅಧಿಕಾರದ ಲಕ್ಷಣಗಳಲ್ಲಿ ಎಣಿಸಿದ್ದಾರೆ. ಅವರ ಹಾದಿಯನ್ನು ಹಿಡಿದ ಅನೇಕರು ಸಮವಸ್ತ್ರವನ್ನಿಟ್ಟುಕೊಂಡು ಆ ಲಕ್ಷಣವನ್ನು ಕೈಬಿಟ್ಟರು. ಬೇಡಿಕೆ ಕಳಚಿಹೋಗಿ ಅಪ್ಪಣೆಯೊಂದೇ ಉಳಿದಲ್ಲಿ, ರೋಗ ಹೋಗದಿದ್ದಾಗ ತಪ್ಪು ಯಾರದೆಂಬ ಪ್ರಶ್ನೆಗೆ ಉತ್ತರ ಒಂದೇ: ರೋಗಿಯದು, ಅವನ ನಂಬಿಕೆ ಸಾಲದು. ಹಾಸಿಗೆ ಹಿಡಿದವನ ಮೇಲೆ ವ್ಯಾಧಿಯ ಜೊತೆಗೆ ಅಪರಾಧವನ್ನೂ ಹೊರಿಸುವ ಈ ಬೋಧನೆಗೆ ಶತಾಧಿಪತಿಯ ಪ್ರಸಂಗದಲ್ಲಿ ಆಧಾರವಿಲ್ಲ; ಅಲ್ಲಿ ನಂಬಿದವನು ಯಜಮಾನ, ಗುಣಹೊಂದಿದವನು ಆಳು. ಆ ಆಳಿನ ನಂಬಿಕೆಯನ್ನು ಯಾರೂ ವಿಚಾರಿಸಲಿಲ್ಲ.

ಬ್ಲುಮ್‌ಹಾರ್ಟರು ಈ ಪರೀಕ್ಷೆಯಲ್ಲಿ ಹೇಗೆ ನಡೆದುಕೊಂಡರೆಂಬುದಕ್ಕೆ 1846ರ ಸಂಗತಿಯೇ ಸಾಕ್ಷಿ. ದೇಹಗಳ ಚಿಕಿತ್ಸೆಯನ್ನು ಪಾದ್ರಿಯ ಕೆಲಸದೊಡನೆ ಬೆರಸಕೂಡದೆಂದು ಮೇಲಿನಿಂದ ನಿರ್ಬಂಧ ಬಂದಾಗ, ಸಾವಿರ ದೆವ್ವಗಳನ್ನು ಗೆದ್ದೆನೆಂದು ಬರೆದವರು ಆ ಕಾಗದಕ್ಕೆ ತಲೆಬಾಗಿದರು. 1852ರಲ್ಲಿ ಬೋಲ್ ಎಂಬಲ್ಲಿಗೆ ಹೋಗಿ ನೆಲೆಸಿ, 1880ರಲ್ಲಿ ತೀರಿಕೊಳ್ಳುವ ವರೆಗೂ ಬಂದವರೊಡನೆ ಪ್ರಾರ್ಥಿಸುತ್ತಿದ್ದರು. ಗೋಟ್ಲೀಬಿನ್ ಅವರ ಮನೆಯವಳಾಗಿಯೇ ಬಾಳಿ 1872ರಲ್ಲಿ ಮರಣಹೊಂದಿದಳು.

ಕಾರ್ಲ್ ಬಾರ್ತರು ತಮ್ಮ ಸಭಾಸಿದ್ಧಾಂತ ಗ್ರಂಥದ 1959ರ ಸಂಪುಟದಲ್ಲಿ ಒಂದು ಪ್ರಕರಣಕ್ಕೆ ಶೀರ್ಷಿಕೆಯನ್ನಾಗಿ ಆರಿಸಿಕೊಂಡದ್ದು ಆ ಡಿಸೆಂಬರ್ ರಾತ್ರಿಯ ಕೂಗನ್ನು, ಯೇಸುವೇ ಗೆದ್ದವನೆಂಬ ಅರ್ಥದ ಎರಡು ಮೂರು ಪದಗಳನ್ನು. ಅನೇಕರು ಅದನ್ನು ಬ್ಲುಮ್‌ಹಾರ್ಟರ ಜಯಘೋಷವೆಂದು ಎಣಿಸುವುದುಂಟು. ವಿಜ್ಞಾಪನೆಯ ಪ್ರಕಾರ ಆ ಮಾತನ್ನು ಆಡಿದವರು ಪಾದ್ರಿಗಳಲ್ಲ, ಗೋಟ್ಲೀಬಿನಳೂ ಅಲ್ಲ. ಆಕೆಯ ಅಕ್ಕ ಕಾಟರಿನಳ ಬಾಯಿಂದ, ಸೋತು ಹೊರಡುತ್ತಿದ್ದ ಶತ್ರುವೇ ಅದನ್ನು ಕೂಗಿತಂತೆ. ಅಪ್ಪಣೆ ಕೊಡುವ ಸ್ಥಾನದಲ್ಲಿ ನಿಂತಿದ್ದವರು ಆ ಹೊತ್ತಿನಲ್ಲಿ ಏನು ಹೇಳಿದರೆಂಬುದನ್ನು ಲೋಕ ನೆನಪಿನಲ್ಲಿಟ್ಟುಕೊಂಡಿಲ್ಲ.