ಆ ಹೆಂಗಸು ಇಂಕ್ ಬಾಟಲಿ ಯಾಕೆ ಕೊಂಡಳು?

ಪತ್ತೇದಾರಿ ಕಾದಂಬರಿ ಅಂದ್ರೆ ನಮ್ಮಲ್ಲಿ ಎನ್. ನರಸಿಂಹಯ್ಯನವರ ಕಾಲದಿಂದಲೂ ಒಂಥರಾ ತಾತ್ಸಾರ. ಓದೋರು ತುಂಬಾ ಜನ, ಓದಿದ್ದೀನಿ ಅಂತ ಒಪ್ಪಿಕೊಳ್ಳೋರು ಕಡಿಮೆ. ನಾನು ಒಪ್ಕೋತೀನಿ. ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ಅಗಾಥಾ ಕ್ರಿಸ್ಟಿಯ 'ಮಿಸೆಸ್ ಮೆಕ್‌ಗಿಂಟೀಸ್ ಡೆಡ್' ಅನ್ನು ಮೂರನೇ ಸಲ ಓದಿದೆ. 1952ರಲ್ಲಿ ಬಂದ ಪುಸ್ತಕ. ಮೊದಲ ಸಲ ಓದಿದ್ದು ಕೊಲೆಗಾರ ಯಾರು ಅಂತ ತಿಳಿಯೋಕೆ. ಎರಡನೇ ಸಲ, ಕ್ರಿಸ್ಟಿ ನನ್ನನ್ನ ಹೇಗೆ ಯಾಮಾರಿಸಿದಳು ಅಂತ ನೋಡೋಕೆ. ಮೂರನೇ ಸಲ ಮಾತ್ರ ನಂಗೆ ಸತ್ತವಳು ಕಾಣಿಸಿದಳು. ಅದನ್ನೇ ಇಲ್ಲಿ ಬರೀತಿದ್ದೀನಿ. ಹೆದರಬೇಡಿ, ಕೊಲೆಗಾರರ ಹೆಸರು ಹೇಳಲ್ಲ.

ಹಳೇ ಕೊಲೆಯೊಂದು ಎಷ್ಟೋ ವರ್ಷಗಳ ಮೇಲೆ ಎದ್ದು ಬಂದು ಈಗಿನ ಬದುಕನ್ನು ಕಲಕೋ ಕತೆಗಳು ನಿಮಗೆ ಗೊತ್ತಿರುತ್ತವೆ. ನಮ್ಮ 'ಕವಲುದಾರಿ' ಸಿನಿಮಾನೇ ತಗೊಳ್ಳಿ, 2019ರದ್ದು. ಅದರಲ್ಲಿ ಮೆಟ್ರೋಗೆ ನೆಲ ಅಗೆಯುವಾಗ ಮೂಳೆಗಳು ಸಿಗುತ್ತವೆ, ಟ್ರಾಫಿಕ್ ಪೊಲೀಸ್ ಒಬ್ಬ ಅದರ ಹಿಂದೆ ಬೀಳ್ತಾನೆ. ಸಾಮಾನ್ಯವಾಗಿ ಹೀಗೇ ಆಗೋದು: ನೆಲದಡಿಯಿಂದಲೋ ಗೋಡೆಯೊಳಗಿಂದಲೋ ಏನಾದರೂ ಹೊರಗೆ ಬರಬೇಕು. ಕ್ರಿಸ್ಟಿಯ ಈ ಕಾದಂಬರಿಯಲ್ಲಿ ಮೂಳೆ ಇಲ್ಲ, ಅಸ್ಥಿಪಂಜರ ಇಲ್ಲ. ಹಳೇ ಕೊಲೆ ಮೇಲೆದ್ದು ಬರೋದು ಭಾನುವಾರದ ಪೇಪರಿನಲ್ಲಿ. ಹಳೇ ಕೊಲೆ ಪ್ರಕರಣಗಳಲ್ಲಿ ಹೆಸರು ಕೇಳಿಬಂದಿದ್ದ ನಾಲ್ವರು ಹೆಂಗಸರು ಈಗೆಲ್ಲಿದ್ದಾರೋ ಅಂತ ಕಣ್ಣೀರು ಬೆರೆಸಿ ಬರೆದ ಲೇಖನ, ಜತೆಗೆ ಹಳೇ ಫೋಟೋಗಳು. ಇವತ್ತಿನ ಟೀವಿ ಕ್ರೈಂ ಶೋಗಳ ಅಜ್ಜಿ ಅನ್ನಬಹುದು.

ಕತೆ ಇಷ್ಟು. ಬ್ರಾಡ್‌ಹಿನಿ ಅನ್ನೋ ಇಂಗ್ಲಿಷ್ ಹಳ್ಳಿ. ನಾಲ್ಕಾರು ಮನೆಗಳಲ್ಲಿ ನೆಲ ಒರೆಸಿ, ಕಸ ಹೊಡೆದು ಬದುಕ್ತಿದ್ದ ಮೆಕ್‌ಗಿಂಟಿ ಅನ್ನೋ ವಯಸ್ಸಾದ ಹೆಂಗಸಿನ ತಲೆಗೆ ಯಾರೋ ಹೊಡೆದು ಸಾಯಿಸಿದ್ದಾರೆ. ಬಚ್ಚಿಟ್ಟಿದ್ದ ಮೂವತ್ತು ಪೌಂಡ್ ಕಾಣೆ. ಅವಳ ಮನೆಯಲ್ಲಿ ಬಾಡಿಗೆಗಿದ್ದ ಜೇಮ್ಸ್ ಬೆಂಟ್ಲಿಗೆ ಕೆಲಸ ಹೋಗಿತ್ತು, ಬಾಡಿಗೆ ಬಾಕಿ ಇತ್ತು, ತೋಳಿನ ಮೇಲೆ ರಕ್ತದ ಕಲೆ ಇತ್ತು. ಕೋರ್ಟು ಗಲ್ಲು ಅಂದುಬಿಟ್ಟಿತು. ಆದರೆ ತನಿಖೆ ಮಾಡಿದ ಸೂಪರಿಂಟೆಂಡೆಂಟ್ ಸ್ಪೆನ್ಸ್‌ಗೇ ಸಮಾಧಾನ ಇಲ್ಲ. ಸಾಕ್ಷಿ ಒಟ್ಟು ಮಾಡಿದವನು ತಾನೇ, ಆದರೂ ಈ ಹುಡುಗ ಮಾಡಿಲ್ಲ ಅಂತ ಒಳಗೆ ಏನೋ ಕೊರೀತಿದೆ. ನೇರ ಪೊಯಿರೋ ಮನೆ ಬಾಗಿಲಿಗೆ ಬರ್ತಾನೆ.

ಇಲ್ಲಿ ಕ್ರಿಸ್ಟಿ ಒಂದು ಕಠಿಣ ಕೆಲಸ ಮಾಡ್ತಾಳೆ. ನಿರಪರಾಧಿಯನ್ನು ನಾವು ಇಷ್ಟಪಡದ ಹಾಗೆ ಬರೀತಾಳೆ. ಬೆಂಟ್ಲಿ ಮುಖ ಎತ್ತಿ ಮಾತಾಡಲ್ಲ, ಬದುಕಿಸಿ ಅಂತ ಬೇಡಿಕೊಳ್ಳೋದೂ ಇಲ್ಲ. ಅವನ ಪರವಾಗಿ ಮಾತಾಡೋಕೆ ಯಾರಿಗೂ ಹೆಚ್ಚು ಆಸಕ್ತಿ ಇಲ್ಲ. ಸಾಕ್ಷಿಗಿಂತ ಹೆಚ್ಚಾಗಿ ಅವನ ಸ್ವಭಾವವೇ ಅವನನ್ನು ಕುಣಿಕೆಯ ತನಕ ತಂದಿದೆ. ಕಂಡರೆ ಆಗದವನನ್ನು ತಪ್ಪಿತಸ್ಥ ಅಂತ ನಂಬೋದು ಎಷ್ಟು ಸುಲಭ ಅಲ್ವಾ?

ಇನ್ನೊಂದು ವಿಚಾರ ಕೇಳಿ, ಮೈ ಜುಮ್ ಅನ್ನುತ್ತೆ. ಕಾದಂಬರಿಯ ಹಳೇ ಪ್ರಕರಣದಲ್ಲಿ ಗಲ್ಲಿಗೇರಿದವನ ಹೆಸರು ಕ್ರೇಗ್. ಈಗಿನ ಕೊಲೆಯಲ್ಲಿ ಗಲ್ಲಿಗೆ ಕಾಯ್ತಿರೋನು ಬೆಂಟ್ಲಿ. ಪುಸ್ತಕ ಬಂದದ್ದು 1952ರ ಮೊದಲ ತಿಂಗಳುಗಳಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಲಂಡನ್ ಹತ್ತಿರದ ಕ್ರಾಯ್ಡನ್‌ನಲ್ಲಿ ಕಳ್ಳತನಕ್ಕೆ ಹೋದ ಇಬ್ಬರು ಹುಡುಗರಲ್ಲಿ ಒಬ್ಬ ಪೊಲೀಸನೊಬ್ಬನಿಗೆ ಗುಂಡು ಹೊಡೆದ. ಅವರ ಹೆಸರು ಕ್ರಿಸ್ಟೊಫರ್ ಕ್ರೇಗ್, ಡೆರೆಕ್ ಬೆಂಟ್ಲಿ! ಗುಂಡು ಹೊಡೆದ ಕ್ರೇಗ್‌ಗೆ 16 ವರ್ಷ, ಗಲ್ಲಿಗೇರಿಸೋ ಹಾಗಿರಲಿಲ್ಲ. ಗುಂಡು ಹೊಡೆಯದ, ಆಗಲೇ ಪೊಲೀಸರ ಕೈಗೆ ಸಿಕ್ಕಿದ್ದ 19ರ ಬೆಂಟ್ಲಿಯನ್ನು 1953ರ ಜನವರಿ 28ರಂದು ನೇಣಿಗೆ ಹಾಕಿದರು. 1998ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. 45 ವರ್ಷ ತಡವಾಗಿ. ಕಾಕತಾಳೀಯ, ಅಷ್ಟೇ. ಆದರೆ ಇದು ಗೊತ್ತಾದ ಮೇಲೆ ಸ್ಪೆನ್ಸ್‌ನ ಆ ಕಸಿವಿಸಿಯನ್ನು ಬರೀ ಕತೆಯ ನೆಪ ಅಂತ ಓದೋಕಾಗಲ್ಲ. ಕಾದಂಬರಿಯ ಬೆಂಟ್ಲಿಗೆ ಪೊಯಿರೋ ಸಿಕ್ಕ. ನಿಜದ ಬೆಂಟ್ಲಿಗೆ ಯಾರು ಸಿಕ್ಕರು?

ಈಗ ಇಂಕ್ ಬಾಟಲಿಗೆ ಬರೋಣ. ಸಾಯೋಕೆ ಸ್ವಲ್ಪ ಮುಂಚೆ ಮೆಕ್‌ಗಿಂಟಿ ಊರಿನ ಅಂಗಡಿಯಲ್ಲಿ ಒಂದು ಇಂಕ್ ಬಾಟಲಿ ಕೊಂಡಿದ್ದಳು. ಕಾಗದ ಬರೆಯೋ ಅಭ್ಯಾಸವೇ ಇಲ್ಲದ ಹೆಂಗಸು. ಅವಳ ಸಾಮಾನುಗಳ ಜತೆ ಒಂದು ಹಳೇ ಪೇಪರು ಸಿಗುತ್ತೆ, ಅದರಲ್ಲಿ ಒಂದು ತುಂಡು ಕತ್ತರಿಸಿ ತೆಗೆದಿದೆ. ಪೊಯಿರೋ ಎರಡನ್ನೂ ಜೋಡಿಸ್ತಾನೆ. ಆ ನಾಲ್ವರ ಫೋಟೋಗಳಲ್ಲಿ ಒಂದನ್ನು ಅವಳು ಇದಕ್ಕೆ ಮುಂಚೆಯೇ ನೋಡಿದ್ದಳು, ತಾನು ಕೆಲಸ ಮಾಡೋ ಯಾವುದೋ ಮನೆಯಲ್ಲಿ. ಅದನ್ನು ಪತ್ರಿಕೆಗೆ ತಿಳಿಸೋಕೆ ಅಂತಲೇ ಇಂಕ್ ಕೊಂಡಳು. ಅಷ್ಟಕ್ಕೇ ಸತ್ತಳು.

ಮೂರನೇ ಓದಿನಲ್ಲಿ ನಂಗೆ ನಾಟಿದ್ದು ಇದು. ಕೆಲಸದವಳ ಎದುರಿಗೆ ಯಾರೂ ಏನನ್ನೂ ಮುಚ್ಚಿಡಲ್ಲ. ಬೀರು ತೆಗೆದೇ ಇರುತ್ತೆ, ಕಾಗದ ಮೇಜಿನ ಮೇಲೇ ಬಿದ್ದಿರುತ್ತೆ. ಮುಚ್ಚಿಡದೇ ಇರೋದು ನಂಬಿಕೆಯಿಂದಲ್ಲ, ಅವಳಿಗೂ ಕಣ್ಣಿದೆ ಅನ್ನೋದೇ ನೆನಪಿರಲ್ಲ. ಒಂದು ದಿನ ಅವಳು ನೋಡಿದ್ದನ್ನು ಹೇಳೋಕೆ ಹೊರಟಾಗ ಮಾತ್ರ ಅವಳೂ ಒಬ್ಬ ಮನುಷ್ಯಳು ಅಂತ ಕೊಲೆಗಾರರಿಗೆ ಗೊತ್ತಾಗುತ್ತೆ. ಪೊಯಿರೋ ಊರಿನ ಮನೆಮನೆಗೆ ಹೋಗಿ ವಿಚಾರಿಸ್ತಾನಲ್ಲ, ಅಲ್ಲಿ ಸಿಗೋ ಉತ್ತರಗಳನ್ನು ಗಮನಿಸಿ. ಬೇರೆಯವರು ಸಿಗೋದು ಕಷ್ಟ, ಒರೆಸೋದು ಅಷ್ಟಕ್ಕಷ್ಟೇ, ಮಾತು ಜಾಸ್ತಿ... ಇಂಥವೇ. ಅವಳು ಹೇಗಿದ್ದಳು ಅಂತ ಬಿಡಿಸಿ ಹೇಳೋರು ಸಿಗೋದು ಅಪರೂಪ.

ಈ ಕಾದಂಬರಿ ಇನ್ನೊಂದು ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳುತ್ತೆ. ಕೊಲೆಗಾರರ ಮಕ್ಕಳೂ ಹಾಗೇ ಆಗ್ತಾರಾ? 'ಹುಟ್ಟುಗುಣ ಸುಟ್ಟರೂ ಹೋಗಲ್ಲ' ಅಂತ ನಮ್ಮಲ್ಲೂ ಒಂದು ಮಾತಿದೆಯಲ್ಲ. ಕ್ರೇಗ್ ಪ್ರಕರಣದ ಕಡೆಯ ಇಬ್ಬರು ಮಕ್ಕಳು ಬೇರೆ ಹೆಸರಿನಲ್ಲಿ ಈಗಿನ ಕತೆಯೊಳಗೆ ಓಡಾಡ್ತಿದ್ದಾರೆ. ಒಬ್ಬರು ಹಳೇದನ್ನು ಮುಚ್ಚೋಕೆ ಹೊಸ ಕೊಲೆ ಮಾಡ್ತಾರೆ. ಇನ್ನೊಬ್ಬರು ಸೇಡು ತೀರಿಸೋಕೆ ಅಂತಲೇ ಬಂದು, ಕೈಯಲ್ಲಿ ರಕ್ತ ಮಾಡಿಕೊಳ್ಳದೇ ಉಳೀತಾರೆ. ಪಾತ್ರಗಳು ರಕ್ತದಲ್ಲಿ ಬಂದ ಗುಣ ಅಂತ ಏನೇನೋ ಮಾತಾಡ್ತವೆ, ಕ್ರಿಸ್ಟಿಗೂ ಅದರಲ್ಲಿ ಅರ್ಧ ನಂಬಿಕೆ ಇದ್ದ ಹಾಗಿದೆ. ಆದರೆ ಅವಳೇ ಹೆಣೆದ ಕತೆ ಅದನ್ನು ಒಪ್ಪಲ್ಲ.

ಇಲ್ಲೂ ನಿಜ ಜೀವನದ ನೆರಳಿದೆ. ಕ್ರೇಗ್ ಪ್ರಕರಣ ಓದ್ತಾ ಹೋದರೆ ಕ್ರಿಪೆನ್ ನೆನಪಾಗ್ತಾನೆ. ಹೆಂಡತಿಯನ್ನು ಕೊಂದು ನೆಲಮಾಳಿಗೆಯಲ್ಲಿ ಹೂತ ಆರೋಪದ ಮೇಲೆ 1910ರಲ್ಲಿ ಗಲ್ಲಿಗೇರಿದ ಡಾಕ್ಟರು. ಅವನ ಜತೆ ಹಡಗು ಹತ್ತಿ ಓಡಿಹೋಗಿದ್ದ ಎಥೆಲ್ ಲಿ ನೀವ್‌ಳನ್ನು ಕೋರ್ಟು ಬಿಟ್ಟಿತು. ಅವಳು ಆಮೇಲೆ ಮದುವೆಯಾಗಿ, ಮಕ್ಕಳನ್ನು ಸಾಕಿ, ಸದ್ದಿಲ್ಲದೆ ಬದುಕಿ ತೀರಿಕೊಂಡದ್ದು 1967ರಲ್ಲಿ. ಅಂದ್ರೆ ಈ ಕಾದಂಬರಿ ಅಂಗಡಿಗೆ ಬಂದಾಗ ಅಂಥ ಒಬ್ಬ ಹೆಂಗಸು ಇಂಗ್ಲೆಂಡಿನಲ್ಲಿ ನಿಜವಾಗಿಯೂ ಇದ್ದಳು. ಯಾರನ್ನೂ ಕೊಲ್ಲದೆ, ತನ್ನ ಪಾಡಿಗೆ.

ಕಾದಂಬರಿಯಲ್ಲಿ ಮೌರೀನ್ ಸಮರ್‌ಹೇಸ್ ಅಂತ ಒಬ್ಬಳಿದ್ದಾಳೆ. ಪೊಯಿರೋಗೆ ಉಣ್ಣಲಾಗದ ಊಟ ಹಾಕಿ ನಮ್ಮನ್ನು ನಗಿಸೋ ಮನೆಯೊಡತಿ. ಚಿಕ್ಕಂದಿನಲ್ಲಿ ತನ್ನನ್ನು ಬೇರೆಯವರಿಗೆ ಸಾಕೋಕೆ ಕೊಟ್ಟರು, ಎಲ್ಲ ಅನುಕೂಲ ಇತ್ತು, ಆದರೂ ಆ ನೋವು ಹೋಗಲಿಲ್ಲ ಅಂತ ಅವಳು ಒಂದು ಕಡೆ ಹೇಳ್ತಾಳೆ. ಕ್ರಿಸ್ಟಿಯ ತಾಯಿ ಕ್ಲಾರಾಳನ್ನೂ ಹಾಗೇ ಚಿಕ್ಕವಳಿದ್ದಾಗ ದೊಡ್ಡಮ್ಮನ ಮನೆಗೆ ಕೊಟ್ಟಿದ್ದರು. ನಗೆಪಾಟಲಿನ ಪಾತ್ರದ ಬಾಯಲ್ಲಿ ತನ್ನ ತಾಯಿಯ ದುಃಖವನ್ನು ಇಟ್ಟಿದ್ದಾಳೆ, ಯಾರೂ ಗಮನಿಸದ ಹಾಗೆ.

ಹಾಗಂತ ಎಲ್ಲ ಚೆನ್ನಾಗಿದೆ ಅಂತ ಹೇಳಲ್ಲ. ಮಧ್ಯದಲ್ಲಿ ಎರಡನೇ ಕೊಲೆ ಆಗುತ್ತೆ, ಈ ಸಲ ಅನುಕೂಲಸ್ಥ ಮನೆಯ ಯಜಮಾನಿ. ಅಲ್ಲಿಂದ ಕಾದಂಬರಿ ಚುರುಕಾಗುತ್ತೆ, ಮೆಕ್‌ಗಿಂಟಿ ಮೂಲೆಗೆ ಸರೀತಾಳೆ. ನಾಲ್ವರಲ್ಲಿ ಯಾರು ಯಾರಾಗಿರಬಹುದು ಅನ್ನೋ ಲೆಕ್ಕಾಚಾರದಲ್ಲಿ ನಾವೂ ಅವಳನ್ನು ಮರೀತೀವಿ. ಹಳ್ಳಿಯವರನ್ನು ಬೈದ ತಪ್ಪನ್ನು ಕೊನೆಗೆ ಕ್ರಿಸ್ಟಿಯೂ ಮಾಡ್ತಾಳೆ, ಓದುಗರೂ ಮಾಡ್ತೀವಿ. 1964ರ 'ಮರ್ಡರ್ ಮೋಸ್ಟ್ ಫೌಲ್' ಸಿನಿಮಾ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಪೊಯಿರೋ ಜಾಗಕ್ಕೆ ಮಿಸ್ ಮಾರ್ಪಲ್‌ಳನ್ನು ತಂದಿದ್ದಲ್ಲದೆ ಮೆಕ್‌ಗಿಂಟಿಯನ್ನು ಹಣಕ್ಕಾಗಿ ಬೆದರಿಸೋ ಹಳೇ ನಟಿ ಮಾಡಿಬಿಟ್ಟಿತು. ನೆಲ ಒರೆಸೋ ಹೆಂಗಸಿನ ಸಾವಿಗೆ ಅಷ್ಟು ದೊಡ್ಡ ಪರದೆ ಯಾಕೆ ಅನ್ನಿಸಿತೋ ಏನೋ. ಅಂದಹಾಗೆ ಬ್ರಿಟನ್ನಿನಲ್ಲಿ ಕೊನೆಯ ಗಲ್ಲುಗಳಾದದ್ದೂ ಅದೇ 1964ರಲ್ಲಿ.

ಜ್ವರದ ಆ ನಾಲ್ಕು ದಿನದಲ್ಲಿ ಎರಡು ದಿನ ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕನೂ ಬಂದಿರಲಿಲ್ಲ. ಫೋನ್ ಎತ್ತಲಿಲ್ಲ. ಹೋಗಿ ವಿಚಾರಿಸೋಣ ಅಂದ್ರೆ ಯಾವ ಬೀದಿ ಅಂತ ಗೊತ್ತಿಲ್ಲ. ಏಳು ವರ್ಷದಿಂದ ಬರ್ತಿದ್ದಾರೆ. ನನ್ನ ಕನ್ನಡಕ ಎಲ್ಲಿದೆ, ಬ್ಯಾಂಕ್ ಪಾಸ್‌ಬುಕ್ ಯಾವ ಡ್ರಾಯರಿನಲ್ಲಿದೆ, ನಾನು ಯಾವಾಗ ಅತ್ತಿದ್ದೆ, ಎಲ್ಲಾ ಅವರಿಗೆ ಗೊತ್ತು. ನನ್ನ ಫೋನಿನಲ್ಲಿ ಅವರ ನಂಬರು 'ಕೆಲಸ' ಅಂತ ಇತ್ತು.

ಮೂರನೇ ದಿನ ಬಂದರು. ಮಗಳಿಗೆ ಹುಷಾರಿರಲಿಲ್ಲವಂತೆ. ಕಾಫಿ ಕೊಟ್ಟು, "ಅಕ್ಕಾ, ನಿಮ್ಮ ಮನೆ ಎಲ್ಲಿ?" ಅಂತ ಕೇಳಿದೆ. ಲೋಟ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ಯಾಕಮ್ಮಾ, ಏನಾದ್ರೂ ಕಳೆದೋಯ್ತಾ?" ಅಂದರು.