ಚೆಂಡು ಉರುಳಿತು, ಲೆಕ್ಕ ಕೇಳುವವರು ಎಲ್ಲಿದ್ದರು?

2010ರಲ್ಲಿ ಬಂದ 'ವೇಟಿಂಗ್ ಫಾರ್ ಸೂಪರ್‌ಮ್ಯಾನ್' ಸಾಕ್ಷ್ಯಚಿತ್ರ ಅಮೆರಿಕದಲ್ಲಿ ದೊಡ್ಡ ಸದ್ದು ಮಾಡಿತ್ತು. ಅದನ್ನು ಮಾಡಿದವರು 'ಆನ್ ಇನ್‌ಕನ್ವೀನಿಯೆಂಟ್ ಟ್ರುತ್' ಖ್ಯಾತಿಯ ಡೇವಿಸ್ ಗುಗೆನ್‌ಹೈಮ್. ಐದು ಮಕ್ಕಳು ಚಾರ್ಟರ್ ಶಾಲೆಯ ಸೀಟಿಗಾಗಿ ಲಾಟರಿ ಕಾಯುವ ಕತೆ ಅದು. ಕೊನೆಗೆ ನಂಬರಿನ ಚೆಂಡುಗಳು ಉರುಳುತ್ತವೆ, ಅಮ್ಮಂದಿರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ನೋಡುವಾಗ ನನಗೂ ಗಂಟಲು ಕಟ್ಟಿತು. ಅದು ನಿರ್ದೇಶಕರ ಕಸುಬುಗಾರಿಕೆ, ಒಪ್ಪೋಣ. ನನ್ನ ತಕರಾರು ಬೇರೆ: ಸೀಟು ಯಾರಿಗೆ ಸಿಕ್ಕಿತು ಅಂತ ಇಷ್ಟು ಆಸ್ಥೆಯಿಂದ ಕೇಳುವ ಸಿನಿಮಾ, ಆ ಶಾಲೆಗಳ ಲೆಕ್ಕ ನೋಡುವವರು ಯಾರು ಅಂತ ಕೇಳುವುದೇ ಇಲ್ಲ.

ಚಾರ್ಟರ್ ಶಾಲೆ ಅಂದರೆ ಏನು? ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದು. ಮಕ್ಕಳಿಗೆ ಫೀಸಿಲ್ಲ. ಸರ್ಕಾರಿ ಶಾಲೆಗಿರುವ ಹಲವು ನಿಯಮಗಳಿಂದ ವಿನಾಯಿತಿ ಉಂಟು. ಬದಲಿಗೆ, ಇಷ್ಟು ಕಲಿಸುತ್ತೇವೆ ಅಂತ ಒಪ್ಪಂದ ಬರೆದುಕೊಡಬೇಕು. ಮಾತು ತಪ್ಪಿದರೆ ಬಾಗಿಲು ಮುಚ್ಚಬೇಕು. 1991ರಲ್ಲಿ ಮಿನೆಸೋಟ ರಾಜ್ಯ ಮೊದಲ ಕಾನೂನು ಮಾಡಿದಾಗ ಇದ್ದ ಲೆಕ್ಕಾಚಾರ ಇದೇ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಮಾತು ತಪ್ಪಿದೆ ಅಂತ ಹೇಳುವವರು ಯಾರು ನೋಡಿ, ಇಡೀ ವ್ಯವಸ್ಥೆ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ.

ಐದರಲ್ಲಿ ಒಂದು ಚಾರ್ಟರ್ ಶಾಲೆ ಮಾತ್ರ ಅದ್ಭುತವಾಗಿದೆ ಅನ್ನುವ ಮಾತು ಸಿನಿಮಾದಲ್ಲೇ ಬರುತ್ತದೆ. ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಕೇಂದ್ರ 2009ರಲ್ಲಿ ಹೇಳಿದ್ದು ಹೀಗೆ: ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಸರ್ಕಾರಿ ಶಾಲೆಗಳಿಗಿಂತ ಮೇಲು, ಶೇ. 46ರಷ್ಟು ಹೆಚ್ಚುಕಡಿಮೆ ಸಮ, ಶೇ. 37ರಷ್ಟು ಅದಕ್ಕಿಂತ ಕೀಳು. ಅಂದರೆ ಲಾಟರಿ ಗೆದ್ದ ಮಗುವಿಗೆ ಇನ್ನೊಂದು ಲಾಟರಿ ಕಾದಿದೆ! ಆ ಎರಡನೇ ಲಾಟರಿಗೆ ಕ್ಯಾಮೆರಾ ಇಡಲಿಲ್ಲ.

ಇಟ್ಟಿದ್ದರೆ ಒಹಾಯೊ ರಾಜ್ಯದ ಕಡೆಗೆ ಇಡಬೇಕಿತ್ತು. ಅಲ್ಲಿ 2000ದಲ್ಲಿ ಶುರುವಾದ 'ಎಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೊ' ಅಂತ ಒಂದು ಆನ್‌ಲೈನ್ ಚಾರ್ಟರ್ ಶಾಲೆ ಇತ್ತು. ಸ್ಥಾಪಕ ವಿಲಿಯಂ ಲೇಗರ್. ಆಡಳಿತ ನೋಡಿಕೊಳ್ಳುವ ಕಂಪನಿಯೂ ಅವರದೇ, ಪಾಠದ ಸಾಫ್ಟ್‌ವೇರ್ ಕೊಡುವ ಕಂಪನಿಯೂ ಅವರದೇ. ಸರ್ಕಾರ ತಲೆಲೆಕ್ಕದಲ್ಲಿ ದುಡ್ಡು ಕೊಡುತ್ತಿತ್ತು. 2016ರಲ್ಲಿ ಶಿಕ್ಷಣ ಇಲಾಖೆ, ಮಕ್ಕಳು ಎಷ್ಟು ಹೊತ್ತು ಲಾಗಿನ್ ಆಗಿದ್ದರು ತೋರಿಸಿ ಅಂತ ಕೇಳಿತು. ದುಡ್ಡು ಪಡೆದಿದ್ದು ಸುಮಾರು 15,000 ಮಕ್ಕಳ ಹೆಸರಲ್ಲಿ. ಅದರಲ್ಲಿ ಹೆಚ್ಚೂಕಡಿಮೆ ಶೇ. 60ಕ್ಕೆ ದಾಖಲೆಯೇ ಇಲ್ಲ. ಸುಮಾರು 6 ಕೋಟಿ ಡಾಲರ್ ವಾಪಸ್ ಕೊಡಿ ಅಂದರು. ಶಾಲೆಯ ವಾದ ಏನು ಗೊತ್ತಾ? ಕಾನೂನಿನ ಪ್ರಕಾರ ವರ್ಷಕ್ಕೆ 920 ಗಂಟೆಯ ಪಾಠವನ್ನು ನಾವು ಒದಗಿಸಿದರೆ ಸಾಕು, ಮಕ್ಕಳು ಕೂತು ಕಲಿತರಾ ಅನ್ನುವುದು ಲೆಕ್ಕಕ್ಕಿಲ್ಲ! ಊಟದ ಬಿಲ್ಲು ಕೊಡಿ, ಎಲೆ ಮುಂದೆ ಯಾರಾದರೂ ಕೂತಿದ್ದರಾ ಅಂತ ಕೇಳಬೇಡಿ ಅಂದ ಹಾಗಾಯಿತು.

ಹದಿನಾರು ವರ್ಷ ಯಾರೂ ನೋಡಲಿಲ್ಲವೇ ಅಂತ ಕೇಳಬಹುದು. ನೋಡಬೇಕಾದವರು ಇದ್ದರು. ಒಹಾಯೊದಲ್ಲಿ ಪ್ರತಿ ಚಾರ್ಟರ್ ಶಾಲೆಗೂ ಒಬ್ಬ ಪ್ರಾಯೋಜಕ ಸಂಸ್ಥೆ ಇರಬೇಕು. ಶಾಲೆಯನ್ನು ಗಮನಿಸುವುದು, ಬೇಕಾದರೆ ಮುಚ್ಚಿಸುವುದು ಅದರ ಕೆಲಸ. ಆ ಕೆಲಸಕ್ಕೆ ಸಂಬಳ ಎಲ್ಲಿಂದ? ಅದೇ ಶಾಲೆಗೆ ಬರುವ ಸರ್ಕಾರಿ ಹಣದಲ್ಲಿ ಶೇ. 3ರವರೆಗೆ. ಮಕ್ಕಳು ಹೆಚ್ಚಾದಷ್ಟೂ ಪಾಲು ಹೆಚ್ಚು, ಶಾಲೆ ಮುಚ್ಚಿಸಿದರೆ ಪಾಲು ಸೊನ್ನೆ. ಅನ್ನದ ಋಣ ಇರುವವನ ಕೈಯಲ್ಲಿ ಲೆಕ್ಕ ಕೇಳಿಸಿದರೆ ಎಷ್ಟು ಗಟ್ಟಿಯಾಗಿ ಕೇಳಿಯಾನು? ಸರಿ, ಪ್ರಾಯೋಜಕರ ಮೇಲಾದರೂ ಕಣ್ಣಿತ್ತೇ? ಪ್ರಾಯೋಜಕರಿಗೆ ಅಂಕ ಕೊಡುವಾಗ ಫೇಲಾದ ಆನ್‌ಲೈನ್ ಶಾಲೆಗಳನ್ನೇ ಲೆಕ್ಕದಿಂದ ಬಿಟ್ಟಿದ್ದು ಬಯಲಾಗಿ, 2015ರಲ್ಲಿ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ರಾಜೀನಾಮೆ ಕೊಟ್ಟರು.

ಹಾಗಂತ ಚಾರ್ಟರ್ ಶಾಲೆಯೇ ಬೇಡ ಅನ್ನುವವನಲ್ಲ ನಾನು. ಕೆಟ್ಟ ಸರ್ಕಾರಿ ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವಿನ ಕಷ್ಟವನ್ನು ಸಿನಿಮಾ ಉತ್ಪ್ರೇಕ್ಷೆ ಮಾಡಿಲ್ಲ. ಮ್ಯಾಸಚೂಸೆಟ್ಸ್ ನೋಡಿ. ಅಲ್ಲಿ ಚಾರ್ಟರ್ ಕೊಡುವುದು ರಾಜ್ಯದ ಶಿಕ್ಷಣ ಮಂಡಳಿ ಮಾತ್ರ, ಅದೂ ಐದು ವರ್ಷಕ್ಕೆ. ಆಮೇಲೆ ಮತ್ತೆ ಪರೀಕ್ಷೆ. ಬಾಸ್ಟನ್ನಿನ ಚಾರ್ಟರ್ ಶಾಲೆಗಳ ಫಲಿತಾಂಶವನ್ನು 2013ರಲ್ಲಿ ಅದೇ ಕ್ರೆಡೊ ಹಾಡಿ ಹೊಗಳಿತು. ಬಿಗಿ ಉಸ್ತುವಾರಿ ಇದ್ದರೆ ಹೊಸತನ ಸತ್ತೇಹೋಗುತ್ತದೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಗುಗೆನ್‌ಹೈಮ್ ಸಿನಿಮಾದಲ್ಲಿ ಖಳರೂ ಇದ್ದಾರೆ, ಅವರು ಶಿಕ್ಷಕರ ಯೂನಿಯನ್ನಿನವರು. ವೀರರೂ ಇದ್ದಾರೆ. ಇಲ್ಲದಿರುವುದು ಕಡತ ಹಿಡಿದು ಶಾಲೆಗೆ ಬಂದು, ಹಾಜರಿ ಪುಸ್ತಕ ಕೊಡಿ ಅನ್ನುವ ಸಾಮಾನ್ಯ ಇನ್‌ಸ್ಪೆಕ್ಟರ್. ಅಂಥವರನ್ನು ಇಟ್ಟುಕೊಂಡು ಕಣ್ಣೀರು ಬರಿಸುವ ಸಿನಿಮಾ ಮಾಡುವುದು ಕಷ್ಟ, ಗೊತ್ತು. ಆದರೆ ಅವರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದು 2018ರ ಜನವರಿಯಲ್ಲಿ ಗೊತ್ತಾಯಿತು. ಒಹಾಯೊದ ಆ ಶಾಲೆ ವರ್ಷದ ನಡುವೆಯೇ ಬಾಗಿಲು ಹಾಕಿತು. ಸುಮಾರು 12,000 ಮಕ್ಕಳು ನಡುಚಳಿಗಾಲದಲ್ಲಿ ಬೇರೆ ಶಾಲೆ ಹುಡುಕಬೇಕಾಯಿತು. ಆ ವರ್ಷದ ಆಗಸ್ಟಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಲಾಖೆ ಮಾಡಿದ್ದೇ ಸರಿ ಅಂತ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಮಕ್ಕಳ ಒಂದು ವರ್ಷ ಹೋಗಿಯಾಗಿತ್ತು.